ಹಂಪಣ್ಣನ ಜೇಬಿನಲ್ಲಿದ್ದ ಮಾತು

ಅಮ್ಮನ ಬಾಯಿಂದ 'ಬೇಡ' ಎನ್ನುವ ಮಾತು ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. ಅವಳಿಗಾಗ ಹತ್ತೊಂಬತ್ತು ವರ್ಷ, ಮದುವೆಯಾಗಿ ಮೂರು ತಿಂಗಳು. ಹತ್ತಿ ಮಾರುಕಟ್ಟೆಯ ತಗಡಿನ ಶೆಡ್ಡಿನಲ್ಲಿ ಪ್ರತಿ ವರ್ಷ ನಡೆಯುವ, ಅಕ್ಷರದ ಕಾಯಿಗಳನ್ನು ಜೋಡಿಸಿ ಮಾತು ಕಟ್ಟುವ ಅಕ್ಷರಮಣೆಯ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ನಮ್ಮೂರಿನಲ್ಲಿ ಮಣೆಯ ಮುಂದೆ ಕೂರುವವರು ಯಾರೇ ಆಗಲಿ, ತಮ್ಮದೊಂದು ಮಾತನ್ನು ಮರದ ಚೌಕ ಬಿಲ್ಲೆಯ ಮೇಲೆ ಬರೆದು ಮಣೆಯ ಅಂಚಿನಲ್ಲಿ ಇಡಬೇಕು. ಸೋತರೆ ಬಿಲ್ಲೆ ಗೆದ್ದವರ ಜೇಬಿಗೆ ಹೋಗುತ್ತದೆ, ಮಾತು ಸೋತವರ ನಾಲಗೆಯಿಂದ ಹೋಗುತ್ತದೆ. ಕೈ ಅದನ್ನು ಬರೆಯಬಲ್ಲದು, ಕಿವಿ ಕೇಳಬಲ್ಲದು, ಆಡಲು ಮಾತ್ರ ಬರುವುದಿಲ್ಲ.

ಏನನ್ನು ಇಡಲಿ ಎಂದು ಅಮ್ಮ ಒಂದು ವಾರ ಯೋಚಿಸಿದಳಂತೆ. ಉಪ್ಪು, ನೀರು, ಬಾಗಿಲು ಇವೆಲ್ಲ ದಿನಾ ಬೇಕಾದವು. ಅಪ್ಪನ ಹೆಸರನ್ನು ಅವಳು ಹೇಗೂ ಹೇಳುವ ಹಾಗಿರಲಿಲ್ಲ, ಆದರೆ ಹೆಸರುಗಳನ್ನು ಮಣೆಗೆ ಇಡಲು ಬಿಡುವುದಿಲ್ಲ. ಕೊನೆಗೆ, ಹೊಸ ಸೊಸೆಯಾದವಳಿಗೆ ಎಲ್ಲಕ್ಕಿಂತ ಕಡಿಮೆ ಬಳಕೆಗೆ ಬರುವ ಮಾತು ಯಾವುದು ಎಂದು ಹುಡುಕಿ 'ಬೇಡ' ಎಂದು ಬರೆದಳು. ಮಾತಿನ ತೂಕ ನೋಡುವುದು ಮಣೆಗಾರ್ತಿ ಗುರವ್ವನ ಕೆಲಸ. ಅವಳು ಏಳು ದಿನ ಆಟಗಾರರ ಹಿಂದೆಯೇ ತಿರುಗಿ, ಆ ಮಾತು ಬಾಯಿಂದ ಬಂದಾಗಲೆಲ್ಲ ಒಂದು ಹುಣಸೆಬೀಜವನ್ನು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಏಳು ದಿನದ ಮೇಲೆ ಅಮ್ಮನ ಲೆಕ್ಕಕ್ಕೆ ನಾಲ್ಕೇ ಬೀಜ ಇದ್ದವು. "ಹಗುರ ಮಾತು. ಹೋದ್ರೂ ಗೊತ್ತಾಗಲ್ಲ ಬಿಡು" ಎಂದಳಂತೆ ಗುರವ್ವ.

ಅಮ್ಮನ ಎದುರು ಕೂತವನು ಸೋಡಾ ಮಾಡುವ ಹಂಪಣ್ಣ. ಆರು ಅಂಕದಲ್ಲಿ ಗೆದ್ದ.

ನಮ್ಮೂರಿನಲ್ಲಿ ಒಂದಲ್ಲ ಒಂದು ಮಾತು ಕಳೆದುಕೊಳ್ಳದ ಮನೆಯಿಲ್ಲ. ಹುರುಳಿ ಮಾರುವವನಿಗೆ ಹುರುಳಿ ಎನ್ನಲು ಬರುವುದಿಲ್ಲ, ಬೊಗಸೆಯಲ್ಲಿ ಹಿಡಿದು ಬೀದಿಗೆಲ್ಲ ತೋರಿಸುತ್ತಾನೆ. ನನಗೆ ಮಗ್ಗಿ ಕಲಿಸಿದ ಮೇಷ್ಟ್ರಿಗೆ ಏಳು ಇರಲಿಲ್ಲ. ಆರರ ನಂತರ ಕೆಮ್ಮಿ ಎಂಟಕ್ಕೆ ಹೋಗುತ್ತಿದ್ದರು, ನಾವೂ ಹಾಗೇ ಕಲಿತು ಇವತ್ತಿಗೂ ಮಗ್ಗಿ ಹೇಳುವಾಗ ಅಲ್ಲಿ ಕೆಮ್ಮುತ್ತೇವೆ. ಪಕ್ಕದಲ್ಲಿದ್ದವರು ಇನ್ನೊಬ್ಬರ ಮಾತನ್ನು ಆಡಿಕೊಡುತ್ತಾರೆ, ಅದರಲ್ಲಿ ಯಾರಿಗೂ ಸಂಕೋಚವಿಲ್ಲ. ಆದರೆ ಅಮ್ಮನ ಮಾತನ್ನು ಯಾರೂ ಆಡಿಕೊಡಲಿಲ್ಲ. ಅದನ್ನು ಆಡಿಕೊಟ್ಟು ಯಾರಿಗೆ ಏನು ಲಾಭ?

ಮಾತು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ, ನೆಂಟರನ್ನೆಲ್ಲ ಕರೆದುಕೊಂಡು ಹೋಗುತ್ತದೆ. 'ಬೇಡ'ದ ಹಿಂದೆ ಒಲ್ಲೆ, ಸಾಕು, ಆಗಲ್ಲ, ಬರಲ್ಲ ಎಲ್ಲವೂ ಹೋದವು. 'ಇಲ್ಲ' ಉಳಿಯಿತು, ಮನೆಯಲ್ಲಿ ಸಕ್ಕರೆ ಇಲ್ಲ, ಬಸ್ಸು ಬಂದಿಲ್ಲ ಎನ್ನುವಷ್ಟಕ್ಕೆ. ತಲೆ ಆಡಿಸಬಹುದಿತ್ತು. ಆದರೆ ನಮ್ಮೂರಿನಲ್ಲಿ ತಲೆಯನ್ನು ಯಾವ ಕಡೆ ಆಡಿಸಿದರೂ ಹೂಂ ಎಂದೇ ತಿಳಿಯುತ್ತಾರೆ. ಅಮ್ಮ ಕೆಲವು ದಿನ ಸೆರಗಿನಲ್ಲಿ ಒಂದು ಸ್ಲೇಟು ಇಟ್ಟುಕೊಂಡು ಬರೆದು ತೋರಿಸಿದಳಂತೆ. ಪ್ರತಿ ಸಲವೂ ಜನ ಕನ್ನಡಕ ಮರೆತು ಬಂದಿರುತ್ತಿದ್ದರು. ಊಟದ ಪಂಕ್ತಿಯಲ್ಲಿ ಅವಳ ಎಲೆ ಯಾವಾಗಲೂ ತುಂಬಿ ತುಳುಕುತ್ತಿತ್ತು. ಊಟ ಮುಗಿದ ಮೇಲೆ ಪಾತ್ರೆಗಳು, ಪಾತ್ರೆ ಮುಗಿದ ಮೇಲೆ ಯಾರದೋ ಬಾಣಂತನ, ಬಾಣಂತನ ಮುಗಿದ ಮೇಲೆ ಯಾರದೋ ಮನೆಯ ರೋಗಿ. "ನೀಲಮ್ಮನ್ನ ಕೇಳಿ, ಒಲ್ಲೆ ಅನ್ನಲ್ಲ" ಎಂದು ಅವಳ ಬಗ್ಗೆ ಹೊಗಳಿಕೆಯ ಮಾತೇ ಹುಟ್ಟಿಕೊಂಡಿತ್ತು. ಅಪ್ಪ ಒಳ್ಳೆಯವರು. ಸಾಯುವವರೆಗೂ ಅಮ್ಮನನ್ನು 'ಇದು ನಿನಗೆ ಬೇಕಾ' ಎಂದು ಕೇಳಲಿಲ್ಲ. ಕೇಳಿದರೆ ಅವಳಿಗೆ ಕಷ್ಟವಾಗುತ್ತದೆ ಎನ್ನುತ್ತಿದ್ದರು. ಕೇಳದೇ ಇರುವುದು ಅವರಿಗೆ ಸುಲಭವೂ ಆಗಿತ್ತು.

ನಾನು ಮೊದಲ ಸಲ ಮಣೆಯ ಮುಂದೆ ಕೂತದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಸೋತೆ, 'ನವಿಲು' ಹೋಯಿತು. ಮರುವರ್ಷ 'ಪಲ್ಲಕ್ಕಿ' ಹೋಯಿತು. ಎರಡೂ ನನಗೆ ಬೇಕಾದವಲ್ಲ. ಬೇಕಾದದ್ದನ್ನು ಇಡುವವಳು ನಾನಲ್ಲ. ರಾತ್ರಿ ಮಲಗುವ ಮುಂಚೆ ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವವಳು ನಾನು. ನನ್ನ ಆಟವೂ ಹಾಗೇ ಇತ್ತು. ಅಕ್ಷರದ ಕಾಯಿಗಳು ಎಷ್ಟು, ಕೊಂಬು, ಗುಡಿಸು, ದೀರ್ಘದ ಕಾಯಿಗಳು ಎಷ್ಟು, ಮಣೆಗೆ ಬಂದವೆಷ್ಟು, ಚೀಲದಲ್ಲಿ ಉಳಿದವೆಷ್ಟು ಎಂದು ಒಳಗೊಳಗೇ ಎಣಿಸುತ್ತಲೇ ಇರುತ್ತಿದ್ದೆ. ಮೂರು ಪಟ್ಟು ಅಂಕ ಕೊಡುವ ಮೂಲೆಮನೆಗೆ ಎದುರಾಳಿ ತಲುಪುವಂಥ ದಾರಿಯನ್ನು ಒಮ್ಮೆಯೂ ತೆರೆಯಲಿಲ್ಲ. "ಇವಳು ಆಡೋದಲ್ಲ, ಅಂಗಡಿ ಬಾಗಿಲು ಹಾಕೋದು" ಎಂದು ನೋಡುವವರು ಆಕಳಿಸುತ್ತಿದ್ದರು. ಪಕ್ಕದ ಪಟ್ಟಣದಲ್ಲಿ ಬಿ.ಎ. ಮುಗಿಸಿ ಬಂದ ಮೇಲೆ ನಾನು ಸೋಲುವುದು ಕಡಿಮೆಯಾಯಿತು. ಇಪ್ಪತ್ತೆರಡನೆಯ ವಯಸ್ಸಿನಿಂದ ಸೋಲಲೇ ಇಲ್ಲ.

ಪಂದ್ಯದಲ್ಲಿ ಪ್ರತಿ ಆಟಗಾರರ ಹಿಂದೆ ಒಂದು ಸಣ್ಣ ಬೆಂಚು ಇರುತ್ತದೆ. ನಮ್ಮವರು ಯಾರಾದರೂ ಒಬ್ಬರು ಅಲ್ಲಿ ಕೂರಬಹುದು, ಮಾತಾಡುವಂತಿಲ್ಲ. ಅದನ್ನು ಬೆನ್ನಿಗೆ ಕೂರುವುದು ಎನ್ನುತ್ತೇವೆ. ನನ್ನ ಬೆನ್ನಿಗೆ ಯಾವಾಗಲೂ ಅಮ್ಮ. ಪಂದ್ಯದ ದಿನ ಬೆಳಿಗ್ಗೆ "ಬರ್ತೀಯಲ್ಲಮ್ಮ?" ಎನ್ನುತ್ತಿದ್ದೆ. ಅವಳು ಚಿತ್ರಾನ್ನದ ಡಬ್ಬಿ ತುಂಬಿಕೊಂಡು ಬರುತ್ತಿದ್ದಳು. ನಾನು ಎಲ್ಲವನ್ನೂ ಗಮನಿಸುವವಳು. ಕಾಯಿಚೀಲ ಗಲಗಲ ಎಂದಾಗಲೆಲ್ಲ ಅವಳು ಕಣ್ಣು ಮುಚ್ಚುವುದನ್ನು, ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಬಿಚ್ಚುವುದನ್ನು ತಿರುಗಿ ನೋಡಿದ್ದೆ. ನನಗಾಗಿ ದೇವರನ್ನು ಬೇಡಿಕೊಳ್ಳುತ್ತಾಳೆ ಎಂದು ತಿಳಿದಿದ್ದೆ.

ಮೂರು ವರ್ಷ ಬಿಡದೆ ಗೆದ್ದವರಿಗೆ ಹಳೆಯ ಬಿಲ್ಲೆಯೊಂದನ್ನು ಕೇಳಿ ಆಡುವ ಹಕ್ಕಿದೆ. ಒಂದು ಬಿಲ್ಲೆಗೆ ಒಬ್ಬರಿಗೆ ಒಂದೇ ಅವಕಾಶ. ಸೋತರೆ ಮುಗಿಯಿತು. ನನಗೆ ಆ ಹಕ್ಕು ಬಂದು ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷವೂ 'ಮುಂದಿನ ಸಲ ನೋಡೋಣ' ಎಂದುಕೊಳ್ಳುತ್ತಿದ್ದೆ. ರೇವಣ್ಣ ಮಾವ ಬಂದು ಕೇಳದಿದ್ದರೆ ಐದನೆಯ ವರ್ಷವೂ ಹಾಗೇ ಹೋಗುತ್ತಿತ್ತೇನೋ.

ರೇವಣ್ಣ ಅಮ್ಮನ ತಮ್ಮ. ಅವನ ಅತ್ತೆ ಕೆಂಚಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಕಾಲು ಹೋಗಿದ್ದವು, ಬಾಯಿ ಹೋಗಿರಲಿಲ್ಲ. ಆ ಮುದುಕಿಯ ಬೈಗುಳ ಎರಡು ಬೀದಿಗೆ ಕೇಳಿಸುತ್ತಿತ್ತು. ಅಮ್ಮ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಅವಳ ಮೈ ಒರೆಸಿ, ಗಂಜಿ ಕುಡಿಸಿ ಬರುತ್ತಿದ್ದಳು. ಅವಳು ಹೊಸ್ತಿಲು ದಾಟುವ ಮೊದಲೇ "ಬಂದ್ಲು ನೋಡು, ಹೊಟ್ಟೆ ತುಂಬಿದ ಎಮ್ಮೆ ಬಂದಂಗೆ" ಎಂದು ಶುರುವಾಗುತ್ತಿತ್ತು. ಒಂದು ಭಾನುವಾರ ಮಾವ ನಮ್ಮ ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಲೋಟ ಕೆಳಗಿಟ್ಟ.

"ಅಕ್ಕ, ನಮ್ಮತ್ತೆಗೂ ನಮ್ಮನೆಯವಳಿಗೂ ಒಂದು ಗಳಿಗೆ ಹೊಂದಲ್ಲ. ನೀನು ಬಂದು ಅಲ್ಲೇ ಇದ್ಬಿಡು. ಮೂಲೆ ಕೋಣೆ ಖಾಲಿ ಮಾಡಿಸ್ತೀನಿ."

ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕೈ ಒಂದು ಕ್ಷಣ ನಿಂತು ಮತ್ತೆ ಮಡಿಸತೊಡಗಿತು.

"ನೋಡವ್ವ ಶಾಂಭವಿ, ನೀನೇ ಸಾಕ್ಷಿ. ಎರಡನೇ ಸಲ ಕೇಳಿದೀನಿ. ಅಕ್ಕ ಬೇಡ ಅನ್ನಲಿಲ್ಲ."

ದೊಡ್ಡ ವಿಷಯವನ್ನು ಮೂರು ಬೇರೆ ಬೇರೆ ದಿನ ಕೇಳುವುದು ನಮ್ಮೂರಿನ ಕ್ರಮ. ಮೂರು ಸಲವೂ 'ಬೇಡ' ಬರದಿದ್ದರೆ ಒಪ್ಪಿಕೊಂಡ ಹಾಗೆ.

"ಅವಳಿಗೆ ಅನ್ನೋಕೆ ಬರಲ್ಲ ಅಂತ ಗೊತ್ತಿದ್ದೂ ಕೇಳ್ತೀಯಲ್ಲ ಮಾವ."

"ಬರಲ್ಲ ಅನ್ನೋದು ಬೇರೆ, ಅನ್ನಲಿಲ್ಲ ಅನ್ನೋದು ಬೇರೆ ಅಂತ ಎಲ್ಲಿ ಬರೆದಿದೆ? ಓದಿದೋಳು ನೀನು, ತೋರಿಸು. ಮೂರನೇದನ್ನ ಪಂದ್ಯದ ಮಾರನೇ ದಿನ ಕೇಳ್ತೀನಿ. ಅವಸರ ಏನೂ ಇಲ್ಲ."

ಅವನು ಹೋದ ಮೇಲೆ ಅಮ್ಮನ ಮುಖ ನೋಡಿದೆ. ಅಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಮೂವತ್ತು ವರ್ಷ ಬೇಡ ಎನ್ನದ ಮುಖದಲ್ಲಿ ಬೇಕು ಯಾವುದು, ಸಹಿಸಿಕೊಂಡದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಆದರೆ ಏನಿರಬೇಕೆಂದು ನಾನೇ ತೀರ್ಮಾನಿಸಿದೆ. ಚಪ್ಪಲಿ ಮೆಟ್ಟಿಕೊಂಡು ಹಂಪಣ್ಣನ ಸೋಡಾ ಅಂಗಡಿಗೆ ನಡೆದೆ.

ಹಂಪಣ್ಣನಿಗೆ ಅರವತ್ತು ಹತ್ತಿರವಾಗಿತ್ತು. ಗೋಲಿ ಸೋಡಾದ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದ. ಅಂಗಿಯ ಎಡಜೇಬು ಚೌಕಾಕಾರವಾಗಿ ಉಬ್ಬಿತ್ತು.

"ಏನವ್ವ, ಸೋಡಾನಾ? ನಿಂಬೆಹಣ್ಣು ಹಿಂಡ್ಲಾ?"

"ಸೋಡಾಕ್ಕೆ ಬಂದಿಲ್ಲ ಹಂಪಣ್ಣಾರೇ."

"ಗೊತ್ತು. ವರ್ಷಾ ವರ್ಷಾ ಬರ್ತೀಯ, ಜೇಬು ನೋಡ್ತೀಯ, ಸೋಡಾ ಕುಡಿದು ಹೋಗ್ತೀಯ. ನಾಲ್ಕು ವರ್ಷದಿಂದ ನಿನಗೆ ಅಜೀರ್ಣನೇ ಇಲ್ಲ ನೋಡು."

"ಈ ಸಲ ಆ ಬಿಲ್ಲೆಗೆ ಆಡ್ತೀನಿ."

ಅವನು ಕೈ ಒರೆಸಿಕೊಂಡ. "ಸುಮ್ನೆ ಕೊಟ್ಬಿಡಿ ಅಂತ ಕೇಳ್ತೀಯೇನೋ ಅಂದ್ಕೊಂಡಿದ್ದೆ."

"ಸುಮ್ನೆ ಕೊಟ್ರೆ ನಾಲಗೆಗೆ ಹತ್ತಲ್ಲ ಅಂತಾರಲ್ಲ."

"ಅಂತಾರಲ್ಲ ಅಲ್ಲ, ಹತ್ತಲ್ಲ. ಕೊಟ್ಟು ನೋಡಿದೀನಿ. ನೀನಾಗ ತೊಟ್ಟಿಲಲ್ಲಿದ್ದೆ. ನಿಮ್ಮಮ್ಮ ಬಿಲ್ಲೆನ ಬಾಯಲ್ಲಿಟ್ಟುಕೊಂಡೂ ನೋಡಿದ್ಲು ಪಾಪ. ಮರ ಮರದ ಥರಾನೇ ಇತ್ತು." ಜೇಬಿನ ಮೇಲೆ ಕೈ ಇಟ್ಟುಕೊಂಡ. "ಆಮೇಲೆ ನನಗೂ ಅಭ್ಯಾಸ ಆಗೋಯ್ತು ಕಣವ್ವ. ಮೊದಲೆಲ್ಲ ನಾನು ಬೇಡ ಅಂದ್ರೆ ಇನ್ನೂ ನಾಲ್ಕು ಸಲ ಕೇಳೋರು. ಆ ಸಂಘಕ್ಕೆ ಸೇರು, ಈ ಮದುವೆಗೆ ಓಡಾಡು. ಈಗ ಎರಡು ಬೇಡ ಇದೆಯಲ್ಲ, ಒಂದೇ ಸಲಕ್ಕೆ ಸುಮ್ಮನಾಗ್ತಾರೆ. ಅದನ್ನ ಕೈಯಾರೆ ಸೋಲಲ್ಲ ನಾನು. ಸರಿಯಾಗೇ ಆಡ್ತೀನಿ, ಆಮೇಲೆ ಅಳಬೇಡ."

"ಅಳಲ್ಲ. ಸರಿಯಾಗೇ ಆಡಿ."

ಹಳೆಯ ಬಿಲ್ಲೆಗೆ ಆಡುವಾಗ ಅದರ ತೂಕವನ್ನು ಹೊಸದಾಗಿ ನೋಡುತ್ತಾರೆ. ಗುರವ್ವ ಏಳು ದಿನ ಸೋಡಾ ಅಂಗಡಿಯಲ್ಲಿ ಕೂತು ಹಂಪಣ್ಣನ 'ಬೇಡ'ಗಳನ್ನು ಎಣಿಸಿದಳು. ನೂರಾ ಇಪ್ಪತ್ತಾರು ಬೀಜ. ಅಷ್ಟಾದರೂ ತೂಕದ ಮಾತನ್ನು ನಾನೂ ಇಡಬೇಕು. ನವಿಲು, ಪಲ್ಲಕ್ಕಿಯಂಥ ಮಾತುಗಳು ಇಲ್ಲಿ ನಡೆಯುವುದಿಲ್ಲ. ಎಂಬತ್ತು ದಾಟಿದ್ದ ಗುರವ್ವ ಅಂಥದೊಂದು ಮಾತು ಹುಡುಕುತ್ತಾ ಮುಂದಿನ ಏಳು ದಿನ ನನ್ನ ಹಿಂದೆ ಕೋಲೂರಿಕೊಂಡು ತಿರುಗಿದಳು. ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ, ಬಾವಿಕಟ್ಟೆಯಲ್ಲಿ, ಅಡುಗೆಮನೆಯಲ್ಲಿ ಎಲ್ಲೆಂದರಲ್ಲಿ ಅವಳ ಚೀಲದಲ್ಲಿ ಬೀಜ ಬೀಳುವ ಸದ್ದು ಕೇಳುತ್ತಿತ್ತು. ಎಂಟನೆಯ ದಿನ ಬೀಜಗಳನ್ನು ಮೊರದಲ್ಲಿ ಸುರಿದಳು.

"ನೂರಾ ಮೂವತ್ತೊಂದು. ಯಾವ ಮಾತು ಅಂತ ಗೊತ್ತಾ?"

"ಯಾವುದಜ್ಜಿ?"

"'ನೋಡೋಣ'. ಮದುವೆ ಯಾವಾಗ ಅಂದ್ರೆ ನೋಡೋಣ. ಕಿಟಕಿ ತೆಗೀಲಾ ಅಂದ್ರೆ ನೋಡೋಣ. ನಿನ್ನೆ ನಿಮ್ಮಮ್ಮ ಸಾರಿಗೆ ಉಪ್ಪು ಸರಿಯಾಗಿದ್ಯಾ ನೋಡು ಅಂದ್ರೆ, ರುಚಿ ನೋಡೇ 'ನೋಡೋಣ' ಅಂದ್ಯಲ್ಲೇ ತಾಯಿ!"

ನನಗೆ ನಗು ಬರಲಿಲ್ಲ. 'ನೋಡೋಣ' ಹೋದರೆ ಅದರ ನೆಂಟರಾದ ಆಮೇಲೆ, ನಾಳೆ ಹೇಳ್ತೀನಿ, ಯೋಚನೆ ಮಾಡ್ತೀನಿ ಎಲ್ಲವೂ ಹೋಗುತ್ತವೆ. ಕೇಳಿದ್ದಕ್ಕೆಲ್ಲ ನಿಂತಲ್ಲೇ ಹೌದು ಅಥವಾ ಅಲ್ಲ ಎಂದು ಹೇಳಿ ಬದುಕಬೇಕು. ನನ್ನಂಥವಳು ಹೇಗೆ ಬದುಕುತ್ತಾಳೆ? ಆದರೂ ಬಿಲ್ಲೆ ತೆಗೆದುಕೊಂಡು 'ನೋಡೋಣ' ಎಂದು ದುಂಡಗೆ ಬರೆದುಕೊಟ್ಟೆ.

"ಇನ್ನೊಂದು ವಿಷಯ. ಮರೀಬೇಡ" ಎಂದಳು ಗುರವ್ವ. "ಗೆದ್ದ ಮಾತ್ರಕ್ಕೆ ಮಾತು ನಿಮ್ಮಮ್ಮನ ನಾಲಗೆ ಮೇಲೆ ಬಂದು ಕೂರಲ್ಲ. ಗೆದ್ದೋಳು ಅಲ್ಲೇ ಶೆಡ್ಡಲ್ಲೇ ಅವಳನ್ನ ಪ್ರಶ್ನೆ ಕೇಳ್ಬೇಕು. ಮೂರೇ ಪ್ರಶ್ನೆ. ಅದರಲ್ಲಿ ಒಂದಕ್ಕಾದ್ರೂ ಅವಳು ಮನಸಾರೆ ಬೇಡ ಅನ್ಬೇಕು. ಬರೀ ಬಾಯಿಮಾತಿಗೆ ಅಂದ್ರೆ ಹತ್ತಲ್ಲ. ಮೂರೂ ತಪ್ಪಿದ್ರೆ ಬಿಲ್ಲೆ ವಾಪಸ್ ಹಂಪಣ್ಣಂಗೆ."

ಆ ಭಾಗದ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಒಂದೇ ಪ್ರಶ್ನೆ ಸಾಕು. ಅದನ್ನು ಒಂದು ಹಾಳೆಯ ಮೇಲೆ ಬರೆದು, ಎರಡು ಸಲ ತಿದ್ದಿ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.

ಪಂದ್ಯದ ದಿನ ಬೆಳಿಗ್ಗೆ "ಬರ್ತೀಯಲ್ಲಮ್ಮ?" ಎಂದೆ. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿ ನನ್ನ ಹಿಂದೆ ಹೊರಟಳು. ಶೆಡ್ಡು ತುಂಬಿತ್ತು. ತಗಡು ಕಾದು ಟಣಟಣ ಎನ್ನುತ್ತಿತ್ತು. ಹಂಪಣ್ಣ ಎರಡು ಬಾಟಲಿ ಸೋಡಾ ತಂದು ಒಂದನ್ನು ನನ್ನ ಕಡೆ ತಳ್ಳಿದ. ಎದುರಾಳಿ ಕುಡಿದು ನಡುವೆ ತೇಗು ಬಂದು ಲೆಕ್ಕ ತಪ್ಪಲಿ ಎನ್ನುವುದು ಅವನ ಹಳೆಯ ಉಪಾಯ ಎಂದು ಊರಿಗೇ ಗೊತ್ತು. ನಾನು ಮುಟ್ಟಲಿಲ್ಲ.

ಅವನು ಸರಿಯಾಗೇ ಆಡಿದ. ನಾನು ದಾರಿಗಳನ್ನು ಮುಚ್ಚುತ್ತಾ ಹೋದೆ, ಅವನು ಮುಚ್ಚಿದ ದಾರಿಯ ಪಕ್ಕದಲ್ಲೇ ಇನ್ನೊಂದನ್ನು ತೆರೆಯುತ್ತಾ ಹೋದ. ಎರಡು ಗಂಟೆಯ ಆಟದ ನಂತರ ನಾನು ಇಪ್ಪತ್ತೆರಡು ಅಂಕ ಹಿಂದಿದ್ದೆ. ಚೀಲದಲ್ಲಿ ಒಂದೇ ಕಾಯಿ ಉಳಿದಿತ್ತು. ಬಲಗಡೆಯ ಮೂಲೆಮನೆ ಇನ್ನೂ ಖಾಲಿ ಇತ್ತು. ಅಲ್ಲಿಗೆ ದಾರಿ ತೆರೆದು, ಅಲ್ಲೊಂದು ಮಾತು ಇಟ್ಟರೆ ಮಾತ್ರ ಗೆಲುವು. ಆದರೆ ನಾನು ದಾರಿ ತೆರೆದರೆ ಮುಂದಿನ ಸರದಿ ಅವನದು. ಅಲ್ಲಿ ಕೂರುವ ಮಾತಿಗೆ ಒಂದು ಕೊಂಬು ಬೇಕಿತ್ತು. ಎಂಟು ಕೊಂಬುಗಳಲ್ಲಿ ಏಳು ಮಣೆಯ ಮೇಲಿದ್ದವು. ಎಂಟನೆಯದು ಅವನ ಕೈಯಲ್ಲಿರಬೇಕು, ಇಲ್ಲವೇ ಚೀಲದಲ್ಲಿರಬೇಕು.

ನಾನು ಅವನ ಕೈ ನೋಡಿದೆ. ಬೆಳಗಿನಿಂದ ಅದನ್ನೇ ನೋಡುತ್ತಿದ್ದೆ. ಕೊಂಬು ಬಂದಾಗಲೆಲ್ಲ ಅವನು ಅದನ್ನು ಸಾಲಿನ ಬಲತುದಿಗೆ ಸರಿಸಿ ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದ. ಐದು ಸಲ ಬಂದಿತ್ತು, ಐದು ಸಲವೂ ಸವರಿದ್ದ. ಈಗ ಹೆಬ್ಬೆರಳು ಸೋಡಾ ಬಾಟಲಿಯ ಕತ್ತಿನ ಮೇಲೆ ಸುಮ್ಮನೆ ಕೂತಿತ್ತು. ಅಷ್ಟೇ ನನ್ನ ಆಧಾರ. ಹೆಬ್ಬೆರಳೊಂದನ್ನು ನಂಬಿ ಎಷ್ಟು ದೊಡ್ಡ ಬಾಗಿಲು ತೆರೆಯಬಹುದು? 'ನೋಡೋಣ' ಎಂದು ಮನಸ್ಸು ಹೇಳುವ ಮೊದಲೇ ಕೈ ಮೂರು ಕಾಯಿಗಳನ್ನು ಸಾಲಾಗಿ ಇಟ್ಟುಬಿಟ್ಟಿತು. ದಾರಿ ಮೂಲೆಮನೆಯವರೆಗೂ ತೆರೆದುಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ಹುಡುಗಿ!" ಎಂದರು. ಚೀಲಕ್ಕೆ ಕೈ ಹಾಕಿದೆ. ಕೊನೆಯ ಕಾಯಿಯ ಮೇಲೆ ಬೆರಳು ಆಡಿಸಿದೆ. ಕೊಂಬು.

ಹಂಪಣ್ಣ ಬಹಳ ಹೊತ್ತು ಮೂಲೆಯನ್ನೇ ನೋಡಿ, ಬೇರೆಲ್ಲೋ ಐದು ಅಂಕದ ಮಾತು ಇಟ್ಟ. ನಾನು ಮೂಲೆ ತುಂಬಿದೆ. ನಾಲ್ಕು ಅಂಕದಲ್ಲಿ ಗೆದ್ದೆ.

ಅವನು ಜೇಬಿನಿಂದ ಬಿಲ್ಲೆ ತೆಗೆದು ಮಣೆಯ ಮೇಲಿಟ್ಟ. ಮೂವತ್ತು ವರ್ಷದ ಬೆವರಿಗೆ ಕಪ್ಪಾಗಿತ್ತು. ಅಮ್ಮನ ಹತ್ತೊಂಬತ್ತರ ಅಕ್ಷರ ಇನ್ನೂ ಕಾಣುತ್ತಿತ್ತು. ಗುರವ್ವ ಕೋಲು ಕುಟ್ಟಿದಳು. "ನೀಲಮ್ಮ, ಎದ್ದು ಬಾ. ಶಾಂಭವಿ, ಕೇಳು."

ಹಾಳೆ ಬಿಚ್ಚಿದೆ. ಮುಂದಿನ ಸಾಲಿನಲ್ಲಿ ರೇವಣ್ಣ ಮಾವ ಕೈ ಕಟ್ಟಿ ಕೂತಿದ್ದ. ಅವನಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದೆ. "ಅಮ್ಮ, ನಿನಗೆ ಕೆಂಚಮ್ಮನ ಸೇವೆ ಮಾಡೋಕೆ ರೇವಣ್ಣ ಮಾವನ ಮನೆಗೆ ಹೋಗೋದು ಬೇಕಾ?"

ಅಮ್ಮ ಬಾಯಿ ತೆರೆದಳು. ಮುಚ್ಚಿದಳು. ನೆಲ ನೋಡಿ ಯೋಚಿಸಿದಳು.

"ಬೇಕು" ಎಂದಳು.

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ನಾನು ಹಾಳೆ ಕೆಳಗಿಳಿಸಿದೆ. "ಅಮ್ಮ, ಅವಳು ನಿನ್ನ ಎಮ್ಮೆ ಅಂತಾಳೆ!"

"ಅಂತಾಳೆ. ನಾನೂ ಗೂಬೆ ಅಂತೀನಿ. ಆ ಮುದುಕಿ ಒಬ್ಳೇ ಕಣೇ ಈ ಊರಲ್ಲಿ ನನ್ನ ಜೊತೆ ಜಗಳ ಆಡೋದು. ಉಳಿದೋರೆಲ್ಲ ಬರೀ ಕೆಲಸ ಹೇಳ್ತಾರೆ."

ಹಂಪಣ್ಣ ಬಿಲ್ಲೆಯ ಕಡೆ ನೋಡಿದ. ರೇವಣ್ಣ ಮಾವ ಕಟ್ಟಿದ ಕೈ ಬಿಚ್ಚಿದ. ನಾನು ಎರಡನೆಯ ಪ್ರಶ್ನೆಯನ್ನು ಬರೆದುಕೊಂಡೇ ಇರಲಿಲ್ಲ. "ಊಟದ ವಿಷಯ ಕೇಳೇ, ಎಲೆ ತುಂಬ ಬಡಿಸ್ತಾರಲ್ಲ" ಎಂದು ಹಿಂದಿನಿಂದ ಯಾವುದೋ ಹೆಂಗಸು ಪಿಸುಗುಟ್ಟಿದಳು. ಯೋಚಿಸಲು ಬಿಡುವಿಲ್ಲದೆ ಅದನ್ನೇ ಹಿಡಿದುಕೊಂಡೆ.

"ಅಮ್ಮ, ಎಲೆಗೆ ಇನ್ನೊಂದು ಹೋಳಿಗೆ ಹಾಕ್ಲಾ, ಬೇಕಾ?"

ಅಮ್ಮನ ಮುಖದಲ್ಲಿ ಸಂಕಟ ಕಂಡಿತು. "ಬೆಳಗಿನಿಂದ ಏನೂ ತಿಂದಿಲ್ಲ ಶಾಂಭಿ. ನೀನು ಆಡ್ತಿರೋವಾ‌ಗ ಗಂಟಲಲ್ಲಿ ಇಳಿಯಲ್ವಲ್ಲ. ಸುಳ್ಳು ಹೇಳಿದ್ರೆ ಹತ್ತಲ್ಲ ಅಂತಾರೆ. ಬೇಕು."

ಇಡೀ ಶೆಡ್ಡು ನಕ್ಕಿತು. ಗುರವ್ವ ಕೂಡ ಬೊಚ್ಚುಬಾಯಿ ಮುಚ್ಚಿಕೊಂಡಳು. ನಗು ನಿಂತ ಮೇಲೆ ಅವಳು ಒಂದು ಬೆರಳು ಎತ್ತಿ ತೋರಿಸಿದಳು. ಇನ್ನು ಒಂದು.

ನಾನು ಅಮ್ಮನನ್ನು ನೋಡಿದೆ. ಹಾಳೆಯನ್ನಲ್ಲ, ಅವಳನ್ನು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಯಾರೋ ಆಟ ಮುಗಿಯಿತೆಂದು ಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಗಲಗಲ ಸದ್ದಾಯಿತು. ಅಮ್ಮ ಕಣ್ಣು ಮುಚ್ಚಿದಳು. ಸೆರಗಿನ ತುದಿ ಬೆರಳಿಗೆ ಬಿಗಿಯಾಯಿತು. ಅದೇ ಶೆಡ್ಡು, ಅದೇ ಚೀಲ. ಅವಳು ಸೋತ ದಿನವೂ ಈ ಸದ್ದೇ ಆಗಿರಬೇಕು. ಗಂಟಲಲ್ಲಿ ಇಳಿಯಲ್ವಲ್ಲ ಎಂದಿದ್ದಳು, ಈಗ ತಾನೇ. ಅಷ್ಟು ವರ್ಷ ಅವಳ ಡಬ್ಬಿಯ ಚಿತ್ರಾನ್ನವನ್ನು ತಿಂದವಳು ನಾನೊಬ್ಬಳೇ. ಹಂಪಣ್ಣನ ಹೆಬ್ಬೆರಳನ್ನು ಒಂದೇ ಬೆಳಗಿನಲ್ಲಿ ಓದಿದವಳು, ಬೆನ್ನ ಹಿಂದಿನ ಬೆರಳುಗಳನ್ನು ಇಷ್ಟು ವರ್ಷ ನೋಡಿಯೂ ತಪ್ಪಾಗಿ ಓದಿದ್ದೆ. ಅವಳಿಗೆ ಒಲ್ಲೆ ಎನ್ನಲು ಬಾರದೆಂದು ತಿಳಿದೂ ಕೇಳಿದವನು ರೇವಣ್ಣ ಮಾವನೊಬ್ಬನೇ ಆಗಿರಲಿಲ್ಲ.

ಪ್ರಶ್ನೆ ನನಗೆ ಗೊತ್ತಾಗಿತ್ತು. ಕೇಳುವ ಧೈರ್ಯ ಒಂದು ಕ್ಷಣ ಬರಲಿಲ್ಲ. ಉತ್ತರ 'ಬೇಕು' ಎಂದು ಬಂದರೆ ಬಿಲ್ಲೆ ಹೋಗುತ್ತದೆ. ಬೇರೆ ಉತ್ತರ ಬಂದರೆ ನನ್ನ ಬೆನ್ನು ಖಾಲಿಯಾಗುತ್ತದೆ. ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಅಮ್ಮ, ಮುಂದಿನ ವರ್ಷ ಇಲ್ಲಿ ಬಂದು ನನ್ನ ಬೆನ್ನಿಗೆ ಕೂರೋದು ನಿನಗೆ ಬೇಕಾ?"

ಅಮ್ಮ ತಲೆಯೆತ್ತಿದಳು. ತುಟಿಗಳು ಕೂಡಿದವು. ತುಕ್ಕು ಹಿಡಿದ ಬಾಗಿಲನ್ನು ಮೊದಲ ಸಲ ತಳ್ಳುವವರಿಗೆ ಉಬ್ಬುವ ಹಾಗೆ ಅವಳ ಗಂಟಲ ನರ ಉಬ್ಬಿತು.

"ಬೇಡ" ಎಂದಳು.

ದನಿ ಒಡಕಾಗಿತ್ತು, ಮೂವತ್ತು ವರ್ಷದ ಧೂಳು ಇತ್ತು. ಮತ್ತೆ ಹೇಳಿದಳು. "ಬೇಡ ಶಾಂಭಿ. ಇಲ್ಲಿ ಕೂತ್ರೆ ನನಗೆ ಉಸಿರು ಕಟ್ಟುತ್ತೆ. ಬೇಡ."

ನನ್ನ ನಾಲಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಅದನ್ನು ನಾನು ಸೋತಿರಲಿಲ್ಲ, ಅದು ನನ್ನದೇ ಆಗಿತ್ತು. ಇನ್ನೂ ಒಂದು ವರ್ಷ ಇದೆ, ಆಗ ನೋಡೋಣ ಎಂದು ಹೇಳಬಹುದಿತ್ತು. ಗುರವ್ವ ಅಭ್ಯಾಸಬಲದಿಂದ ಸೊಂಟದ ಚೀಲಕ್ಕೆ ಕೈ ಹಾಕಿ ಕಾಯುತ್ತಿದ್ದಳು. ನಾನು ಆ ಮಾತನ್ನು ನುಂಗಿದೆ.

"ಆಯ್ತಮ್ಮ" ಎಂದೆ.

ಹೊರಗೆ ಬಂದಾಗ, ನಾನು ಮುಟ್ಟದೆ ಬಿಟ್ಟ ಸೋಡಾ ಬಾಟಲಿಯನ್ನು ಹಿಡಿದು ಹಂಪಣ್ಣ ನಿಂತಿದ್ದ. ಜೇಬು ಚಪ್ಪಟೆಯಾಗಿತ್ತು. "ನೀಲಮ್ಮ, ಒಂದು ಸೋಡಾ?"

"ಬೇಡ."

"ನಿಂಬೆಹಣ್ಣು ಹಿಂಡಿ ಕೊಡ್ತೀನಿ?"

"ಬೇಡ."

"ಸ್ವಲ್ಪ ಉಪ್ಪು?"

"ಬೇಡ, ಬೇಡ, ಬೇಡ!" ಎಂದು ಅಮ್ಮ ರಸ್ತೆಯ ನಡುವೆ ನಿಂತು ನಕ್ಕಳು. ಆಮೇಲೆ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಗಟಗಟ ಕುಡಿದಳು. ಹಂಪಣ್ಣ ನನ್ನ ಕಡೆ ತಿರುಗಿ, "ಇನ್ನು ಮೇಲೆ ನನ್ನನ್ನ ನಾಲ್ಕು ನಾಲ್ಕು ಸಲ ಕೇಳ್ತಾರಲ್ಲವ್ವ" ಎಂದ. "ನಾಲ್ಕು ಸಲಾನೂ ಹೇಳಿ ಹಂಪಣ್ಣಾರೇ" ಎಂದೆ.

ಮಾರನೆಯ ದಿನ ರೇವಣ್ಣ ಮಾವ ಮೂರನೆಯ ಸಲ ಕೇಳಲು ಬಂದ. ಶೆಡ್ಡಿನಲ್ಲಿ ಎಲ್ಲರ ಮುಂದೆ 'ಬೇಕು' ಬಂದಿದ್ದರಿಂದ ಧೈರ್ಯವಾಗಿದ್ದ. ಅಮ್ಮ ಬಟ್ಟೆ ಮಡಿಸುತ್ತಲೇ ಹೇಳಿದಳು. "ಹಗಲು ಬರ್ತೀನಿ. ಆ ಗೂಬೆನ ನಾನು ನೋಡ್ಕೋತೀನಿ. ಅಲ್ಲೇ ಇರೋದು ಬೇಡ. ನಿಮ್ಮನೆ ಪಾತ್ರೆ ಬೇಡ. ಮೂಲೆ ಕೋಣೆ ಖಾಲಿ ಮಾಡ್ಬೇಡ." ಮಾವ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಈ ವರ್ಷದ ಪಂದ್ಯಕ್ಕೆ ನಾನು 'ನೋಡೋಣ'ವನ್ನೇ ಮತ್ತೆ ಇಟ್ಟೆ. ಗುರವ್ವ ಏಳು ದಿನ ಹಿಂದೆ ತಿರುಗಿ ಬೀಜಗಳನ್ನು ಮೊರದಲ್ಲಿ ಸುರಿದಳು. ನಲವತ್ತೊಂದೇ ಇದ್ದವು. "ಹಗುರ ಆಗೋಯ್ತಲ್ಲೇ" ಎಂದಳು. ಪಂದ್ಯದ ದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅಮ್ಮ ಕೆಂಚಮ್ಮನ ಮನೆಗೆ ಹೊರಟಿದ್ದಳು, ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ತನಗೆ ಇಟ್ಟುಕೊಂಡಳು. ದಾರಿ ಕವಲೊಡೆಯುವಲ್ಲಿ ಇಬ್ಬರೂ ತಿರುಗಿ ನೋಡಲಿಲ್ಲ. ನಾನು ಒಂದು ಸಲ ನೋಡಿದೆ, ನಿಜ ಹೇಳಬೇಕೆಂದರೆ.

ಎದುರಿಗೆ ಕೂತವಳು ಬೇರೆ ಬೀದಿಯ ಹೊಸ ಹುಡುಗಿ. ಕಾಲು ಅಲುಗಿಸುತ್ತಿದ್ದಳು. ಅವಳ ಹಿಂದೆ ಅಕ್ಕ, ಅಣ್ಣ, ಅಜ್ಜಿ ಬೆಂಚಿಗಾಗಿ ತಳ್ಳಾಡುತ್ತಿದ್ದರು. ನನ್ನ ಬೆನ್ನಿಗೆ ಬೆಂಚು ಖಾಲಿ ಇತ್ತು. ತಗಡು ಕಾದಿದ್ದರೂ ಬೆನ್ನು ತಣ್ಣಗಿತ್ತು. ಗುರವ್ವ ಚೀಲವನ್ನು ಎರಡು ಸಲ ಅಲ್ಲಾಡಿಸಿ ನನ್ನ ಮುಂದೆ ಹಿಡಿದಳು. ನೇರ ಕೂತು ಕೈ ಹಾಕಿದೆ.